ಡಿಟೆಕ್ಟರ್‌ಗೆ ಚಾನೆಲ್ ಮ್ಯಾಪ್ ಮಾಡುವುದು ಹೇಗೆ? ಪಟ್ಟಿಯಿಂದ ಡೇಟಾ ಫೈಲಿನವರೆಗೆ

"ಸಿಗ್ನಲ್ ಚೆನ್ನಾಗಿ ಬರ್ತಿದೆ, ನಾಯ್ಸ್ ಕಡಿಮೆ ಇದೆ, ಆದರೆ ಟ್ರ್ಯಾಕ್ ಮಾತ್ರ ಕೂಡಿ ಬರ್ತಿಲ್ಲ. ಏನು ತಪ್ಪಾಗಿದೆ?" ಡಿಟೆಕ್ಟರ್ ಕೆಲಸಕ್ಕೆ ಹೊಸದಾಗಿ ಇಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು (ಟ್ರ್ಯಾಕ್ ಎಂದರೆ ಕಣ ಸಾಗಿದ ದಾರಿ). ಬಹಳ ಸಲ ಉತ್ತರವೂ ಒಂದೇ. ಚಾನೆಲ್ ಮ್ಯಾಪ್ ತಪ್ಪಾಗಿದೆ.

ಇದೇನು ಅಂತ ಮೊದಲು ನೋಡೋಣ. ಕಣಗಳನ್ನು ಹಿಡಿಯುವ ಡಿಟೆಕ್ಟರ್‌ನಲ್ಲಿ ಸಿಗ್ನಲ್ ಕೊಡುವ ಸಣ್ಣ ಸಣ್ಣ ಭಾಗಗಳಿರುತ್ತವೆ. ಕೆಲವದರಲ್ಲಿ ತೆಳುವಾದ ಪಟ್ಟಿಗಳು, ಅಂದರೆ ಸ್ಟ್ರಿಪ್‌ಗಳು. ಕೆಲವದರಲ್ಲಿ ತಂತಿ, ಹರಳು ಅಥವಾ ಬೆಳಕು ಹಿಡಿಯುವ ಫೋಟೊಟ್ಯೂಬ್. ಡೇಟಾ ಫೈಲಿನಲ್ಲಿ ಮಾತ್ರ ಇವುಗಳ ಹೆಸರು ಇರುವುದಿಲ್ಲ. ಅಲ್ಲಿ ಇರುವುದು "3ನೇ ಕ್ರೇಟ್, 7ನೇ ಸ್ಲಾಟ್, 42ನೇ ಚಾನೆಲ್" ಎಂಬಂಥ ಎಲೆಕ್ಟ್ರಾನಿಕ್ ವಿಳಾಸ. ನಿಮಗೆ ಬೇಕಾದದ್ದು "2ನೇ ಪದರ, ಎಕ್ಸ್ ದಿಕ್ಕು, 118ನೇ ಸ್ಟ್ರಿಪ್" ಎಂಬ ಡಿಟೆಕ್ಟರ್ ವಿಳಾಸ. ಒಂದರಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೋಷ್ಟಕವೇ ಚಾನೆಲ್ ಮ್ಯಾಪ್.

ಮೈಕ್ರೊಬೂನ್ ನ್ಯೂಟ್ರಿನೊ ಪ್ರಯೋಗದಲ್ಲಿ 8256 ತಂತಿಗಳಿದ್ದವು. ಯುರೋಪಿನ ಕಣ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಶಕ್ತಿ ಅಳೆಯುವ ಹರಳುಗಳು ನಡುವಿನ ಕೊಳವೆಯ ಭಾಗದಲ್ಲೇ 61,200 ಇವೆ: 36 ದೊಡ್ಡ ಘಟಕ, ಒಂದೊಂದರಲ್ಲೂ 1700. ಇಷ್ಟನ್ನು ಕಣ್ಣಲ್ಲಿ ನೋಡಿ ಸರಿಪಡಿಸುತ್ತೇನೆ ಎಂದರೆ ಆಗುವ ಮಾತಲ್ಲ.

ಇದರಲ್ಲಿ ಒಂದು ಕಿರಿಕಿರಿ ಇದೆ. ತಪ್ಪು ಮ್ಯಾಪ್ ಎರರ್ ಕೊಡುವುದಿಲ್ಲ. ಪ್ರೋಗ್ರಾಮ್ ಓಡುತ್ತದೆ, ಪ್ಲಾಟ್ ಬರುತ್ತದೆ, ಒಟ್ಟು ಹಿಟ್‌ಗಳ (ಸಿಗ್ನಲ್ ದಾಖಲಾದ ಸಲಗಳ) ಲೆಕ್ಕವೂ ಸರಿಯಿರುತ್ತದೆ. ಜಾಗ ಮಾತ್ರ ಸುಳ್ಳು. ಎರಡು ಕೇಬಲ್ ಅದಲುಬದಲಾದದ್ದು ಕೆಲವೊಮ್ಮೆ ಹೊಸ ಭೌತವಿಜ್ಞಾನದ ಹಾಗೆ ಕಾಣುತ್ತದೆ.

ಉದಾಹರಣೆಗೆ ಒಂದು ಸಣ್ಣ ಜೆಮ್ ಡಿಟೆಕ್ಟರ್ ಇಟ್ಟುಕೊಳ್ಳೋಣ. ಜೆಮ್ ಎಂದರೆ ಸೂಕ್ಷ್ಮ ತೂತುಗಳಿರುವ ಹಾಳೆಗಳ ಮೂಲಕ ಎಲೆಕ್ಟ್ರಾನ್‌ಗಳನ್ನು ಹಾಯಿಸಿ, ಅವುಗಳ ಸಂಖ್ಯೆಯನ್ನು ಹೆಚ್ಚಿಸುವ ಅನಿಲ ಡಿಟೆಕ್ಟರ್. ಸುಮಾರು 10 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ಎಕ್ಸ್ ದಿಕ್ಕಿಗೆ 256 ಸ್ಟ್ರಿಪ್, ವೈ ದಿಕ್ಕಿಗೆ 256. ಎರಡು ಸ್ಟ್ರಿಪ್‌ಗಳ ನಡುವಿನ ದೂರ 0.4 ಮಿ.ಮೀ. ಓದಲು ಎಪಿವಿ25 ಎಂಬ ಚಿಪ್. ಇದನ್ನು ಸಿಎಂಎಸ್‌ನ ಸಿಲಿಕಾನ್ ಟ್ರ್ಯಾಕರ್‌ಗಾಗಿ ಮಾಡಿದ್ದು, ಈಗ ಬೇರೆ ಕಡೆಯೂ ಬಳಕೆಯಲ್ಲಿದೆ. ಒಂದು ಚಿಪ್‌ಗೆ 128 ಚಾನೆಲ್. ಹಾಗಾಗಿ ದಿಕ್ಕಿಗೆ 2, ಒಟ್ಟು 4 ಚಿಪ್. ನಿಮ್ಮ ಡಿಟೆಕ್ಟರ್ ಬೇರೆ ಇರಬಹುದು. ಹಂತಗಳು ಇವೇ.

ಶುರು ಮಾಡುವ ಮುನ್ನ ಕೈಯಲ್ಲಿ ಇರಬೇಕಾದದ್ದು: ಸ್ಟ್ರಿಪ್ ಇರುವ ಬೋರ್ಡಿನ ಡ್ರಾಯಿಂಗ್, ಕನೆಕ್ಟರ್‌ನ ಪಿನ್ ಚಿತ್ರ, ಚಿಪ್‌ನ ಕೈಪಿಡಿ, ಪಲ್ಸರ್ (ಗೊತ್ತಿರುವ ಅಳತೆಯ ಪಲ್ಸ್ ಕೊಡುವ ಉಪಕರಣ), ಲೇಬಲ್ ಮತ್ತು ಅಳಿಸಲಾಗದ ಪೆನ್, ಟಾರ್ಚ್, ಫೋನ್ ಕ್ಯಾಮೆರಾ. ಜೊತೆಗೆ ಇನ್ನೊಬ್ಬರು. ಒಬ್ಬರು ಡಿಟೆಕ್ಟರ್ ಹತ್ತಿರ, ಒಬ್ಬರು ಸ್ಕ್ರೀನ್ ಮುಂದೆ. ಒಬ್ಬರೇ ಓಡಾಡಿಕೊಂಡು ಮಾಡಿದರೆ ನಡುವೆ ಲೆಕ್ಕ ತಪ್ಪುವುದು ಖಂಡಿತ.

1. ಸೊನ್ನೆ ಎಲ್ಲಿದೆ ಎಂದು ತೀರ್ಮಾನಿಸಿ

ಎಲ್ಲರೂ ಹಾರಿಸಿಬಿಡುವ ಹಂತ ಇದೇ. ಎಣಿಕೆ 0ಯಿಂದಲೋ 1ರಿಂದಲೋ? ಡಿಟೆಕ್ಟರ್ ಅನ್ನು ಎದುರಿನಿಂದ ನೋಡಬೇಕೋ ಹಿಂದಿನಿಂದಲೋ? ಎಕ್ಸ್ ಯಾವ ಕಡೆಗೆ ಹೆಚ್ಚುತ್ತದೆ? ಇದಿಷ್ಟನ್ನು ಒಂದು ಚಿತ್ರದ ಸಮೇತ ಬರೆದಿಡಿ. ಡಿಟೆಕ್ಟರ್ ಚೌಕಟ್ಟಿನ ಮೇಲೇ ಒಂದು ಬಾಣದ ಗುರುತು ಹಾಕಿದರೆ ಇನ್ನೂ ಒಳ್ಳೆಯದು.

"ಎಡ", "ಬಲ" ಎಂಬ ಪದಗಳನ್ನು ಬಳಸಲೇಬೇಡಿ. ಎಡ ಎಂದರೆ ಯಾರ ಎಡ? ಕಣಗಳು ಬರುವ ದಿಕ್ಕಿನಿಂದ ನೋಡಿದವರಿಗೂ ಕೇಬಲ್ ಹಾಕಲು ಹಿಂದೆ ಹೋದವರಿಗೂ ಅದು ಉಲ್ಟಾ. ಎಚ್8500 ಥರದ 64 ಪಿಕ್ಸೆಲ್‌ಗಳ ಫೋಟೊಟ್ಯೂಬ್‌ನಲ್ಲಿ ಇದು ನಿತ್ಯದ ಗೋಳು. 8 ಸಾಲು, 8 ಕಾಲಂ. ಬೆಳಕು ಬೀಳುವುದು ಮುಂದೆ, ಪಿನ್‌ಗಳು ಇರುವುದು ಹಿಂದೆ. ಡ್ರಾಯಿಂಗ್ ಯಾವ ಕಡೆಯಿಂದ ನೋಡಿ ಬರೆದದ್ದು ಎಂದು ಗಮನಿಸದಿದ್ದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ.

ಡಿಟೆಕ್ಟರ್ ವಿಳಾಸಕ್ಕೂ ಒಂದು ನಿಯಮ ಇರಲಿ. ಸಿಎಂಎಸ್‌ನಲ್ಲಿ ಪ್ರತಿ ಭಾಗಕ್ಕೂ 32 ಬಿಟ್‌ಗಳ ಒಂದೇ ಸಂಖ್ಯೆ. ಮೇಲಿನ 4 ಬಿಟ್ ಯಾವ ಡಿಟೆಕ್ಟರ್ ಎಂದು ಹೇಳುತ್ತವೆ, ನಂತರದ 3 ಬಿಟ್ ಅದರೊಳಗಿನ ಯಾವ ವಿಭಾಗ ಎಂದು. ಉಳಿದವು ಜಾಗ ಹೇಳಲು. ನಿಮ್ಮ 512 ಚಾನೆಲ್‌ಗೆ ಇಷ್ಟು ಬೇಡ. ಪದರ, ದಿಕ್ಕು, ಸ್ಟ್ರಿಪ್ ಎಂಬ ಮೂರು ಅಂಕಣ ಸಾಕು.

2. ಒಂದೇ ಹಾರಿಗೆ ಹಾರಬೇಡಿ, ಕೊಂಡಿ ಕೊಂಡಿಯಾಗಿ ಬಿಡಿಸಿ

ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸ್ಟ್ರಿಪ್‌ನಿಂದ ಡೇಟಾ ಫೈಲಿನವರೆಗೆ ಸಿಗ್ನಲ್ ಹಲವು ಕೈ ದಾಟುತ್ತದೆ. ನಮ್ಮ ಜೆಮ್‌ನಲ್ಲಿ ಹೀಗೆ: ಸ್ಟ್ರಿಪ್, ಬೋರ್ಡಿನ ಕನೆಕ್ಟರ್ ಪಿನ್, ಚಿಪ್‌ನ ಒಳಬರುವ ಚಾನೆಲ್, ಚಿಪ್ ಹೊರಗೆ ಕಳಿಸುವ ಕ್ರಮ, ಕೇಬಲ್, ಓದುವ ಬೋರ್ಡಿನ ಇನ್‌ಪುಟ್, ಕೊನೆಗೆ ಡೇಟಾ ಪದ, ಅಂದರೆ ಫೈಲಿನಲ್ಲಿ ಬರೆಯುವ ಸಂಖ್ಯೆ. ಪ್ರತಿ ಎರಡರ ನಡುವೆ ಒಂದು ಬೇರೆ ಕೋಷ್ಟಕ ಮಾಡಿ. ಕೊನೆಗೆ ಕಂಪ್ಯೂಟರ್ ಅವನ್ನೆಲ್ಲ ಪೋಣಿಸಲಿ.

"512 ಸಾಲಿನ ಒಂದೇ ಫೈಲ್ ಕೈಯಲ್ಲಿ ಬರೆದರೆ ಮುಗೀತಲ್ವಾ?" ಅನ್ನಿಸಬಹುದು. ಬರೆಯಬಹುದು. ಆದರೆ ನಾಳೆ ಯಾರೋ ಒಂದು ಕೇಬಲ್ ಬದಲಿಸಿದರೆ ಆ ಫೈಲಿನ 128 ಸಾಲು ತಿದ್ದಬೇಕು. ಕೊಂಡಿಗಳು ಬೇರೆ ಬೇರೆ ಇದ್ದರೆ ಕೇಬಲ್ ಕೋಷ್ಟಕದ ಒಂದೇ ಸಾಲು ಬದಲಾಗುತ್ತದೆ. ಬೋರ್ಡಿನ ಒಳಗಿನ ಜೋಡಣೆ ಎಂದೂ ಬದಲಾಗುವುದಿಲ್ಲ, ಅದನ್ನು ಒಮ್ಮೆ ಸರಿಯಾಗಿ ಮಾಡಿದರೆ ಅದೇ ಮಾದರಿಯ ಎಲ್ಲ ಡಿಟೆಕ್ಟರ್‌ಗೂ ಬಳಸಬಹುದು. ಜಾಸ್ತಿ ಬದಲಾಗುವುದು ಮನುಷ್ಯರ ಕೈಗೆ ಸಿಗುವ ಕೊಂಡಿ ಮಾತ್ರ.

ಪಿನ್ ಕೋಷ್ಟಕ ಮಾಡುವಾಗ ಒಂದು ಎಚ್ಚರಿಕೆ. ಎರಡು ಸಾಲಿನ ಕನೆಕ್ಟರ್‌ನಲ್ಲಿ ಸಾಮಾನ್ಯವಾಗಿ ಬೆಸ ಸಂಖ್ಯೆಯ ಪಿನ್ ಒಂದು ಕಡೆ, ಸಮ ಸಂಖ್ಯೆಯದು ಇನ್ನೊಂದು ಕಡೆ. ಕೆಲವು ತಯಾರಕರು ಮಾತ್ರ ಒಂದು ಸಾಲು ಪೂರ್ತಿ ಎಣಿಸಿ ಆಮೇಲೆ ಇನ್ನೊಂದಕ್ಕೆ ಹೋಗುತ್ತಾರೆ. ಗಂಡು ಕನೆಕ್ಟರ್‌ನ ಚಿತ್ರ ನೋಡಿ ಹೆಣ್ಣು ಕನೆಕ್ಟರ್‌ಗೆ ಎಣಿಸಿದರೂ ಕನ್ನಡಿ ಬಿಂಬವೇ. ಅನುಮಾನ ಬಂದರೆ ಮಲ್ಟಿಮೀಟರ್ ತಂದು ಡಿಟೆಕ್ಟರ್‌ಗೆ ಇನ್ನೂ ಜೋಡಿಸದ ಖಾಲಿ ಬೋರ್ಡಿನ ಮೇಲೆ ಬೀಪ್ ಮಾಡಿ ನೋಡಿ. ನಾಲ್ಕು ಮೂಲೆಯ ಪಿನ್ ನೋಡಿದರೆ ಸಾಕು.

3. ಚಿಪ್ ತನ್ನದೇ ಕ್ರಮದಲ್ಲಿ ಕಳಿಸುತ್ತದೆ

ಎಪಿವಿ25 ತನ್ನ 128 ಚಾನೆಲ್‌ಗಳನ್ನು ಒಂದೇ ಗೆರೆಯಲ್ಲಿ ಒಂದರ ಹಿಂದೆ ಒಂದರಂತೆ ಕಳಿಸುತ್ತದೆ. ಆದರೆ 0, 1, 2, 3 ಎಂದಲ್ಲ. ಒಳಗಿನ ಮಲ್ಟಿಪ್ಲೆಕ್ಸರ್ (ಹಲವು ಗೆರೆಗಳನ್ನು ಒಂದಕ್ಕೆ ಸೇರಿಸುವ ಸರ್ಕ್ಯೂಟ್) ಮೂರು ಹಂತದ್ದು, ಅದಕ್ಕಾಗಿ ಕ್ರಮ ಕಲಸಿಹೋಗುತ್ತದೆ. ಹೊರಬರುವ ಸ್ಥಾನ "ನ" ಆಗಿದ್ದರೆ ನಿಜವಾದ ಚಾನೆಲ್:

32 × (ನವನ್ನು 4ರಿಂದ ಭಾಗಿಸಿದಾಗ ಉಳಿಯುವ ಶೇಷ) + 8 × (ನವನ್ನು 4ರಿಂದ ಭಾಗಿಸಿದ ಪೂರ್ಣಾಂಕ) − 31 × (ನವನ್ನು 16ರಿಂದ ಭಾಗಿಸಿದ ಪೂರ್ಣಾಂಕ)

ಒಂದೆರಡು ಹಾಕಿ ನೋಡಿ. ನ 0 ಆದರೆ ಚಾನೆಲ್ 0. 1 ಆದರೆ 32. 2 ಆದರೆ 64. 3 ಆದರೆ 96. 4 ಆದರೆ 8. 16ಕ್ಕೆ ಬಂದಾಗ 1. ಕೊನೆಯ 127 ಹಾಕಿದರೆ 127. ನೀವು ಬರೆದ ಪ್ರೋಗ್ರಾಮ್ ಈ ಏಳು ಉತ್ತರ ಕೊಡದಿದ್ದರೆ ಮುಂದೆ ಹೋಗಬೇಡಿ.

ಇಲ್ಲಿ ಬೀಳುವವರು ಬಹಳ. ಕೆಲವು ರೀಡೌಟ್ ಬೋರ್ಡ್‌ಗಳು ಈ ಮರುಜೋಡಣೆಯನ್ನು ತಾವೇ ಮಾಡಿ ಕಳಿಸುತ್ತವೆ. ನೀವೂ ಮತ್ತೊಮ್ಮೆ ಮಾಡಿದರೆ ಸರಿಯಿದ್ದದ್ದು ಕೆಡುತ್ತದೆ. ಯಾವುದು ನಿಮ್ಮದು ಎಂದು ತಿಳಿಯುವುದು ಸುಲಭ. ಜೆಮ್‌ನಲ್ಲಿ ಒಂದು ಕಣ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಮೂರು ಸ್ಟ್ರಿಪ್‌ಗಳಲ್ಲಿ ಸಿಗ್ನಲ್ ಬಿಡುತ್ತದೆ. ಬಂದ ಡೇಟಾವನ್ನು ಹಾಗೇ ಪ್ಲಾಟ್ ಮಾಡಿ. ಹಿಟ್‌ಗಳು 16ರ ಅಂತರದಲ್ಲಿ ಬಿಡಿಬಿಡಿಯಾಗಿ ಕಂಡರೆ ಮರುಜೋಡಣೆ ಇನ್ನೂ ಆಗಿಲ್ಲ. ಗುಂಪಾಗಿ ಕಂಡರೆ ಆಗಿದೆ. (ಸ್ಟ್ರಿಪ್‌ಗಳು ಚಿಪ್‌ನ ಚಾನೆಲ್‌ಗಳಿಗೆ ಸಾಲಾಗಿ ಜೋಡಣೆಯಾಗಿದ್ದರೆ ಈ ಪರೀಕ್ಷೆ. ಸಮ, ಬೆಸ ಬೇರೆ ಮಾಡಿದ ಬೋರ್ಡ್ ಆದರೆ ಅಂತರ ಬೇರೆ ಬರುತ್ತದೆ.)

4. ಟಾರ್ಚ್ ಹಿಡಿದು ಡಿಟೆಕ್ಟರ್ ಹತ್ತಿರ ಹೋಗಿ

ಡ್ರಾಯಿಂಗ್‌ನಲ್ಲಿ ಇರುವುದು ಇರಬೇಕಾದದ್ದು. ನಿಜವಾಗಿ ಏನಿದೆ ಎಂದು ಕಣ್ಣಲ್ಲೇ ನೋಡಬೇಕು. ಪ್ರತಿ ಕೇಬಲ್‌ಗೂ ಎರಡೂ ತುದಿಯಲ್ಲಿ ಒಂದೇ ಸಂಖ್ಯೆಯ ಲೇಬಲ್ ಹಚ್ಚಿ. ಲೇಬಲ್ ಮೇಲೆ "ಎಕ್ಸ್ ಪದರ" ಎಂದೆಲ್ಲ ಬರೆಯಬೇಡಿ. ಬರೀ ಕೇಬಲ್ ಸಂಖ್ಯೆ ಸಾಕು. ಅರ್ಥ ಕೋಷ್ಟಕದಲ್ಲಿರಲಿ. ಕೇಬಲ್ ಬೇರೆಡೆಗೆ ಹೋದ ದಿನ ಲೇಬಲ್ ಸುಳ್ಳು ಹೇಳಬಾರದಲ್ಲ. ಮುಗಿದ ಮೇಲೆ ಎರಡೂ ತುದಿಯ ಫೋಟೊ ತೆಗೆದಿಡಿ.

ಮುಟ್ಟುವ ಮುನ್ನ ಹೈ ವೋಲ್ಟೇಜ್ ಇಳಿಸಿ, ಪೂರ್ತಿ ಇಳಿಯುವವರೆಗೆ ಕಾಯಿರಿ. ಚಿಪ್‌ಗಳ ಇನ್‌ಪುಟ್ ಮೈಮೇಲಿನ ಸ್ಥಿರ ವಿದ್ಯುತ್ತಿಗೇ ಸುಟ್ಟುಹೋಗುತ್ತದೆ. ಮಣಿಕಟ್ಟಿಗೆ ಅರ್ತ್ ಪಟ್ಟಿ ಕಟ್ಟಿಕೊಳ್ಳಿ. ಫೋಟೊಟ್ಯೂಬ್ ಆದರೆ ವೋಲ್ಟೇಜ್ ಇರುವಾಗ ಕೋಣೆಯ ಬೆಳಕಿಗೆ ತೆರೆಯಲೇಬಾರದು, ಟ್ಯೂಬ್ ಹಾಳಾಗುತ್ತದೆ.

ಚಪ್ಪಟೆ ರಿಬ್ಬನ್ ಕೇಬಲ್‌ನ ಕೆಂಪು ಅಂಚು 1ನೇ ಪಿನ್ ಕಡೆ ಇರಬೇಕು ಎಂಬುದು ಬಳಕೆ. ನಿಯಮ ಅಲ್ಲ. 16 ಚಾನೆಲ್‌ನ ರಿಬ್ಬನ್ ಉಲ್ಟಾ ಕೂತರೆ 0 ಹೋಗಿ 15 ಆಗುತ್ತದೆ, 1 ಹೋಗಿ 14. ಜೋಡಿ ತಂತಿಗಳ ಕೇಬಲ್ ಆದರೆ ಸಿಗ್ನಲ್‌ನ ಚಿಹ್ನೆಯೂ ತಲೆಕೆಳಗಾಗಬಹುದು.

ಇನ್ನು ಕ್ರೇಟ್, ಅಂದರೆ ಬೋರ್ಡ್‌ಗಳನ್ನು ಸಾಲಾಗಿ ಕೂರಿಸುವ ಪೆಟ್ಟಿಗೆ. ವಿಎಂಇ (ಕ್ರೇಟ್‌ಗಳ ಒಂದು ಮಾದರಿ) ಬೋರ್ಡ್‌ಗಳ ವಿಳಾಸವನ್ನು ಬಹಳ ಸಲ ಬೋರ್ಡಿನ ಮೇಲಿನ ತಿರುಗುವ ಸ್ವಿಚ್‌ಗಳಲ್ಲಿ ಇಡುತ್ತಾರೆ. ಕೂತ ಸ್ಲಾಟ್‌ಗೂ ಆ ವಿಳಾಸಕ್ಕೂ ಸಂಬಂಧ ಇಲ್ಲ. ಎರಡು ಬೋರ್ಡ್ ತೆಗೆದು ಅದಲುಬದಲು ಕೂರಿಸಿದರೆ ಡೇಟಾದಲ್ಲಿ ವಿಳಾಸ ಹಾಗೇ ಇರುತ್ತದೆ, ಕೇಬಲ್ ಮಾತ್ರ ಬೇರೆ ಬೋರ್ಡಿಗೆ ಹೋಗಿರುತ್ತದೆ. ಹಾಗಾಗಿ ಸ್ಲಾಟ್, ಸ್ವಿಚ್ ವಿಳಾಸ, ಬೋರ್ಡಿನ ಸೀರಿಯಲ್ ಸಂಖ್ಯೆ ಮೂರನ್ನೂ ಬರೆದುಕೊಳ್ಳಿ. ದಕ್ಷಿಣ ಧ್ರುವದ ಐಸ್‌ಕ್ಯೂಬ್‌ನಲ್ಲಿ 86 ಸರಗಳಲ್ಲಿ ತಲಾ 60ರಂತೆ 5160 ಬೆಳಕಿನ ಗೋಳಗಳಿವೆ. ಪ್ರತಿ ಗೋಳದ ಬೋರ್ಡಿಗೂ ತನ್ನದೇ ಗುರುತು ಸಂಖ್ಯೆ ಇದೆ. ಮಂಜುಗಡ್ಡೆಯೊಳಗೆ ಹೂತ ಮೇಲೆ ಟಾರ್ಚ್ ಹಿಡಿದು ನೋಡಲು ಆಗುವುದಿಲ್ಲವಲ್ಲ!

5. ಪೋಣಿಸಿ, ಕಂಪ್ಯೂಟರ್‌ನಲ್ಲೇ ಮೊದಲು ಜರಡಿ ಹಿಡಿಯಿರಿ

ಕೊಂಡಿಗಳನ್ನು ಸೇರಿಸಿ ಒಂದು ಕೋಷ್ಟಕ ಮಾಡಿ. ಆಮೇಲೆ ಮೂರು ಪರೀಕ್ಷೆ. ಸಾಲುಗಳು ಸರಿಯಾಗಿ 512 ಇವೆಯೇ? ಒಂದೇ ವಿಳಾಸ ಎರಡು ಸಲ ಬಂದಿದೆಯೇ? ಸ್ಟ್ರಿಪ್‌ನಿಂದ ಚಾನೆಲ್‌ಗೆ ಹೋಗಿ ಅಲ್ಲಿಂದ ವಾಪಸ್ ಬಂದರೆ ಅದೇ ಸ್ಟ್ರಿಪ್ ಸಿಗುತ್ತದೆಯೇ? ಹತ್ತು ಸಾಲಿನ ಪ್ರೋಗ್ರಾಮ್ ಸಾಕು. ನಕಲು ಮಾಡಿ ಅಂಟಿಸುವಾಗ ಆದ ತಪ್ಪುಗಳು ಬಹುಪಾಲು ಇಲ್ಲೇ ಸಿಕ್ಕಿಬೀಳುತ್ತವೆ.

ಏನೂ ಜೋಡಿಸದ ಚಾನೆಲ್‌ಗೆ −1 ಎಂದು ಬರೆಯಿರಿ. ಖಾಲಿ ಬಿಡಬೇಡಿ, 0 ಅಂತೂ ಹಾಕಲೇಬೇಡಿ. 0 ಎಂಬ ಸ್ಟ್ರಿಪ್ ನಿಜವಾಗಿಯೂ ಇದೆ, ಅದರ ತಲೆ ಮೇಲೆ ಎಲ್ಲ ನಾಯ್ಸ್ ಬಂದು ಕೂರುತ್ತದೆ. ಕೆಟ್ಟ ಚಾನೆಲ್‌ಗಳ ಪಟ್ಟಿ ಬೇರೆ ಫೈಲಿನಲ್ಲಿರಲಿ. ಇವತ್ತು ಕೆಟ್ಟದ್ದು ನಾಳೆ ಸರಿಹೋಗಬಹುದು, ಅದು ಕೂತ ಜಾಗ ಅದೇ ಇರುತ್ತದೆ.

6. ಪಲ್ಸ್ ಕೊಟ್ಟು ನೋಡಿ

ಪಲ್ಸರ್‌ನಿಂದ ಒಂದು ಸಲಕ್ಕೆ ಒಂದೇ ಚಾನೆಲ್‌ಗೆ ಸಿಗ್ನಲ್ ಕೊಡಿ, ಸ್ಕ್ರೀನ್ ಮೇಲೆ ಎಲ್ಲಿ ಏಳುತ್ತದೆ ನೋಡಿ. 512ನ್ನೂ ಮಾಡುವುದು ಬೇಡ. ಪ್ರತಿ ಕನೆಕ್ಟರ್‌ನ ಮೊದಲನೆಯದು, ಎರಡನೆಯದು, ಕೊನೆಯದು ನೋಡಿ. ಮೊದಲ ಮತ್ತು ಕೊನೆಯದು ದಿಕ್ಕು ಹೇಳುತ್ತವೆ, ಎರಡನೆಯದು ಹೆಜ್ಜೆ ಹೇಗೆ ಎಂದು ಹೇಳುತ್ತದೆ. ನಟ್ಟನಡುವಿನ ಚಾನೆಲ್ ಆರಿಸಬೇಡಿ. ಉಲ್ಟಾ ಆದರೂ ಅದು ಹೆಚ್ಚುಕಡಿಮೆ ಅಲ್ಲೇ ಕಾಣುತ್ತದೆ.

ಪಲ್ಸ್ ಪರೀಕ್ಷೆ ಅದು ಒಳಗೆ ಸೇರಿದ ಜಾಗದಿಂದ ಮುಂದಕ್ಕೆ ಮಾತ್ರ ಸಾಕ್ಷಿ. ಎಪಿವಿ25 ಒಳಗೇ ಪರೀಕ್ಷಾ ಪಲ್ಸ್‌ನ ವ್ಯವಸ್ಥೆ ಇದೆ, 16 ಚಾನೆಲ್‌ಗಳಂತೆ 8 ಗುಂಪಿಗೆ ಕೊಡಬಹುದು. ಒಳ್ಳೆಯದೇ. ಆದರೆ ಅದು ಚಿಪ್‌ನಲ್ಲೇ ಹುಟ್ಟುವುದರಿಂದ ಸ್ಟ್ರಿಪ್ ಮತ್ತು ಕನೆಕ್ಟರ್ ಬಗ್ಗೆ ಒಂದಕ್ಷರ ಹೇಳುವುದಿಲ್ಲ. "ಪಲ್ಸ್ ಪರೀಕ್ಷೆ ಪಾಸ್" ಎಂದು ಬರೆದು ಕೈತೊಳೆದುಕೊಂಡವರ ಮ್ಯಾಪ್‌ನಲ್ಲಿ ತಪ್ಪು ಇರುವುದು ಸಾಮಾನ್ಯವಾಗಿ ಈ ಮೊದಲ ಕೊಂಡಿಯಲ್ಲೇ.

ಫೋಟೊಟ್ಯೂಬ್ ಇರುವವರು ಒಂದೊಂದೇ ಟ್ಯೂಬ್‌ನ ಹೈ ವೋಲ್ಟೇಜ್ ಆಫ್ ಮಾಡಿ, ಯಾವ ಚಾನೆಲ್ ಸುಮ್ಮನಾಯಿತು ಎಂದು ನೋಡುವುದುಂಟು. ಇದು ಎರಡು ಮ್ಯಾಪ್‌ಗಳನ್ನು ಒಟ್ಟಿಗೆ ಪರೀಕ್ಷಿಸುತ್ತದೆ, ವೋಲ್ಟೇಜಿನದು ಮತ್ತು ಸಿಗ್ನಲ್‌ನದು. ಎರಡೂ ಒಂದೇ ಥರ ಅದಲುಬದಲಾಗಿದ್ದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ. ಬೆಳಕು ಸೋರದಂತೆ ಕತ್ತಲಲ್ಲಿಟ್ಟು, ಒಂದೊಂದು ಟ್ಯೂಬ್‌ಗೆ ಮಾತ್ರ ಎಲ್‌ಇಡಿಯ ಸಣ್ಣ ಮಿಂಚು ಕೊಡುವುದು ಮೇಲು.

7. ನಾಯ್ಸ್ ಕೂಡ ಮಾತಾಡುತ್ತದೆ

ಇದು ಪುಕ್ಕಟೆ ಪರೀಕ್ಷೆ. ಕಣ ಬೇಕಿಲ್ಲ, ಪಲ್ಸ್ ಬೇಕಿಲ್ಲ. ಸ್ಟ್ರಿಪ್ ಜೋಡಣೆಯಾದ ಚಾನೆಲ್‌ನ ಕೆಪಾಸಿಟನ್ಸ್ ಜಾಸ್ತಿ, ಅದಕ್ಕೇ ನಾಯ್ಸ್ ಕೂಡ ಜಾಸ್ತಿ. ಬಿಟ್ಟುಹೋದ ಚಾನೆಲ್‌ನ ನಾಯ್ಸ್ ಎದ್ದು ಕಾಣುವಷ್ಟು ಕಡಿಮೆ. ಹಾಗಾಗಿ ನಿಮ್ಮ ಪಟ್ಟಿಯಲ್ಲಿ −1 ಇರುವ ಚಾನೆಲ್‌ಗಳಲ್ಲೇ ನಾಯ್ಸ್ ಕಡಿಮೆ ಇದೆಯೇ ನೋಡಿ. ಬೇರೆಲ್ಲೋ ಕಡಿಮೆ ಇದ್ದರೆ ಮ್ಯಾಪ್ ಸರಿದಿದೆ, ಇಲ್ಲವೇ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಸಿಲಿಕಾನ್ ಡಿಟೆಕ್ಟರ್‌ನಲ್ಲಿ ಒಂದೇ ಮಾಡ್ಯೂಲ್‌ನ ಬಯಾಸ್ ವೋಲ್ಟೇಜ್ (ಅದು ಕೆಲಸ ಮಾಡಲು ಕೊಡುವ ವೋಲ್ಟೇಜ್) ಇಳಿಸಿದರೆ ಅದರ ಚಾನೆಲ್‌ಗಳ ನಾಯ್ಸ್ ಮಾತ್ರ ಏರುತ್ತದೆ. ಯಾವ ಮಾಡ್ಯೂಲ್ ಯಾವ ಬೋರ್ಡಿಗೆ ಹೋಗಿದೆ ಎಂದು ಹುಡುಕಲು ಒಳ್ಳೆಯ ಉಪಾಯ.

8. ಕಾಸ್ಮಿಕ್ ಮ್ಯೂಆನ್‌ಗಳಿಗೆ ತೀರ್ಪು ಬಿಡಿ

ಸ್ಟ್ರಿಪ್‌ನಿಂದ ಫೈಲಿನವರೆಗೆ ಎಲ್ಲ ಕೊಂಡಿಗಳನ್ನೂ ಒಟ್ಟಿಗೆ ಪರೀಕ್ಷಿಸುವುದು ನಿಜವಾದ ಕಣ ಮಾತ್ರ. ಆಕಾಶದಿಂದ ಮ್ಯೂಆನ್‌ಗಳು, ಅಂದರೆ ಎಲೆಕ್ಟ್ರಾನ್‌ನ ಥರದ ಆದರೆ ಹೆಚ್ಚು ಭಾರದ ಕಣಗಳು, ಬೀಳುತ್ತಲೇ ಇರುತ್ತವೆ. ಸಮುದ್ರ ಮಟ್ಟದಲ್ಲಿ ನಿಮಿಷಕ್ಕೆ ಒಂದು ಚದರ ಸೆಂ.ಮೀ.ಗೆ ಸುಮಾರು ಒಂದು. ನಮ್ಮ ಜೆಮ್‌ಗೆ ನಿಮಿಷಕ್ಕೆ ಸುಮಾರು 100. ಮೇಲೆ, ಕೆಳಗೆ ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ಫಲಕ) ಇಟ್ಟು ಟ್ರಿಗರ್ ಮಾಡಿದರೆ, ಅಂದರೆ ಎರಡರಲ್ಲೂ ಕಣ ಕಂಡಾಗ ಮಾತ್ರ ಡೇಟಾ ತೆಗೆದರೆ, ಅಷ್ಟು ಸಿಗುವುದಿಲ್ಲ. ಆದರೂ ಒಂದು ರಾತ್ರಿ ಬಿಟ್ಟರೆ ಧಾರಾಳ.

ಬೇರೆ ಎರಡು ಡಿಟೆಕ್ಟರ್‌ಗಳಿಂದ ನೇರ ಗೆರೆ ಎಳೆದು, ನಿಮ್ಮ ಡಿಟೆಕ್ಟರ್‌ನಲ್ಲಿ ಕಣ ಎಲ್ಲಿ ಬೀಳಬೇಕಿತ್ತು ಎಂದು ಲೆಕ್ಕ ಹಾಕಿ. ಅಳೆದದ್ದರಿಂದ ಅದನ್ನು ಕಳೆಯಿರಿ. ಉಳಿದದ್ದನ್ನು ರೆಸಿಡ್ಯುಯಲ್ ಎನ್ನುತ್ತಾರೆ, ಅಂದರೆ ಎಷ್ಟು ತಪ್ಪಿತು ಎಂಬ ಅಂತರ. ಇದರ ಹಿಸ್ಟೋಗ್ರಾಮ್ ಒಂದನ್ನೇ ನೋಡಬೇಡಿ, ಜಾಗದ ಎದುರು ಪ್ಲಾಟ್ ಮಾಡಿ. ರೋಗ ಯಾವುದು ಎಂದು ಆ ಚಿತ್ರವೇ ಹೇಳುತ್ತದೆ.

ಸೊನ್ನೆಯಲ್ಲಿ ಮಟ್ಟಸ ಗೆರೆ ಬಂದರೆ ಎಲ್ಲ ಸರಿ. ಮಟ್ಟಸವಾಗಿಯೇ ಇದ್ದು ಒಟ್ಟಾರೆ ಒಂದೆರಡು ಮಿ.ಮೀ. ಮೇಲೋ ಕೆಳಗೋ ಇದ್ದರೆ ಡಿಟೆಕ್ಟರ್ ಕೂತ ಜಾಗ ಸ್ವಲ್ಪ ಸರಿದಿದೆ, ಮ್ಯಾಪ್ ಮುಟ್ಟಬೇಡಿ. ಅರ್ಧ ಭಾಗ +51.2 ಮಿ.ಮೀ., ಇನ್ನರ್ಧ −51.2 ಮಿ.ಮೀ. ಆದರೆ ಎರಡು ಚಿಪ್ ಅದಲುಬದಲು. 128 ಸ್ಟ್ರಿಪ್ ಗುಣಿಸು 0.4, ಲೆಕ್ಕ ಕೂಡಿಬಂತು. ಗೆರೆ −2ರ ಇಳಿಜಾರಿನಲ್ಲಿ ಬಿದ್ದರೆ ಕ್ರಮ ಉಲ್ಟಾ. ಗರಗಸದ ಹಲ್ಲಿನಂತೆ ಪ್ರತಿ ಕನೆಕ್ಟರ್‌ಗೂ ಒಂದೊಂದು ಇಳಿಜಾರು ಬಂದರೆ ಕನೆಕ್ಟರ್ ಒಳಗಿನ ಎಣಿಕೆ ಮಾತ್ರ ಉಲ್ಟಾ, ಕನೆಕ್ಟರ್‌ಗಳ ಕ್ರಮ ಸರಿ. ಅಕ್ಕಪಕ್ಕದ ಸ್ಟ್ರಿಪ್‌ಗಳು +0.4, −0.4 ಎಂದು ಕುಣಿಯುತ್ತಿದ್ದರೆ ಸಮ, ಬೆಸ ಪಿನ್‌ಗಳು ಅದಲುಬದಲು. ಈ ಕೊನೆಯದು ಹಿಸ್ಟೋಗ್ರಾಮ್‌ನಲ್ಲಿ ಕಾಣುವುದೇ ಇಲ್ಲ, ಸುಮ್ನೆ ಸ್ವಲ್ಪ ಅಗಲವಾಗುತ್ತದೆ. ನೀವು "ಡಿಟೆಕ್ಟರ್‌ನ ನಿಖರತೆಯೇ ಇಷ್ಟು" ಎಂದುಕೊಂಡು ವರ್ಷಗಟ್ಟಲೆ ಹಾಗೇ ಇರಬಹುದು.

ಬೇರೆ ಡಿಟೆಕ್ಟರ್ ಇಲ್ಲ, ಇದೊಂದೇ ಇದೆ ಎಂದರೆ? ಆಗ ಇಡೀ ಎಕ್ಸ್ ಉಲ್ಟಾ ಆದರೂ ಹಿಟ್‌ಗಳ ಹಂಚಿಕೆ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಸಮಪಾರ್ಶ್ವವನ್ನು ಬೇಕೆಂದೇ ಕೆಡಿಸಿ. ಸಣ್ಣ ಸಿಂಟಿಲೇಟರ್ ಒಂದನ್ನು ಒಂದು ಮೂಲೆಯ ಹತ್ತಿರ, ಎಕ್ಸ್‌ನಿಂದ ಒಂದು ದೂರ, ವೈಯಿಂದ ಬೇರೆ ದೂರ ಇಟ್ಟು ಟ್ರಿಗರ್ ಮಾಡಿ. ನಟ್ಟನಡುವೆ ಇಟ್ಟರೆ ಏನೂ ಗೊತ್ತಾಗುವುದಿಲ್ಲ. ಕರ್ಣದ ಮೇಲೆ ಇಟ್ಟರೆ ಎಕ್ಸ್, ವೈ ಅದಲುಬದಲಾದದ್ದು ಗೊತ್ತಾಗುವುದಿಲ್ಲ.

9. ತಪ್ಪು ಸಿಕ್ಕಿತು. ಈಗ ಕೇಬಲ್ ಬದಲಿಸಬೇಕೋ, ಕೋಷ್ಟಕವೋ?

ಡೇಟಾ ತೆಗೆಯಲು ಶುರುವಾಗಿದ್ದರೆ ನನ್ನ ಮತ ಕೋಷ್ಟಕಕ್ಕೆ. ಕೇಬಲ್ ಮುಟ್ಟಬೇಡಿ. ನಮ್ಮಲ್ಲಿ ಒಮ್ಮೆ ಹೀಗಾಯಿತು: ಅದಲುಬದಲಾದ ಎರಡು ಕೇಬಲ್‌ಗಳನ್ನು ನಾನು ಕೋಷ್ಟಕದಲ್ಲಿ ಸರಿಮಾಡಿದೆ. ಅದೇ ಸಂಜೆ ಜೊತೆಗಾರರು ಒಳ್ಳೆಯ ಮನಸ್ಸಿನಿಂದ ಕೇಬಲ್‌ಗಳನ್ನೇ ಸರಿಯಾಗಿ ಚುಚ್ಚಿದರು. ಎರಡು ಸರಿ ಸೇರಿ ಒಂದು ತಪ್ಪಾಯಿತು. ಅದನ್ನು ಹುಡುಕಲು ಮೂರು ದಿನ ಬೇಕಾಯಿತು.

ಮ್ಯಾಪ್ ಫೈಲನ್ನು ಎಂದೂ ತಿದ್ದಿ ಅದರ ಮೇಲೇ ಉಳಿಸಬೇಡಿ. ಹಳೆಯದು ಹಾಗೇ ಇರಲಿ, ಹೊಸದಕ್ಕೆ ಹೊಸ ಸಂಖ್ಯೆ ಕೊಡಿ. ಪ್ರತಿ ಮ್ಯಾಪ್ ಜೊತೆಗೂ "ಈ ರನ್‌ನಿಂದ ಆ ರನ್‌ವರೆಗೆ" ಎಂದು ಬರೆದಿರಲಿ. ರನ್ ಎಂದರೆ ಒಂದು ಸಲ ಶುರುಮಾಡಿ ನಿಲ್ಲಿಸುವವರೆಗಿನ ಡೇಟಾ. ಪ್ರೋಗ್ರಾಮ್ ರನ್ ಸಂಖ್ಯೆ ನೋಡಿ ತಾನೇ ಸರಿಯಾದ ಮ್ಯಾಪ್ ಆರಿಸಬೇಕು. ಗಿಟ್‌ನಲ್ಲಿ (ಫೈಲಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ತಂತ್ರಾಂಶ) ಇಟ್ಟರೆ ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದೂ ಉಳಿಯುತ್ತದೆ.

ಮ್ಯಾಪ್ ಬದಲಾದಾಗ ಕ್ಯಾಲಿಬ್ರೇಷನ್ ಸಂಖ್ಯೆಗಳು ಯಾರ ಜೊತೆ ಹೋಗಬೇಕು ಎಂದೂ ಯೋಚಿಸಿ. ಪೆಡೆಸ್ಟಲ್, ಅಂದರೆ ಸಿಗ್ನಲ್ ಇಲ್ಲದಾಗಲೂ ಬರುವ ಮೂಲ ಓದು, ಎಲೆಕ್ಟ್ರಾನಿಕ್ ಚಾನೆಲ್‌ನ ಸ್ವತ್ತು. ಅದು ಬೋರ್ಡಿನಲ್ಲೇ ಉಳಿಯಬೇಕು. ಫೋಟೊಟ್ಯೂಬ್‌ನ ಗೇನ್, ಅಂದರೆ ಅದು ಸಿಗ್ನಲ್ಲನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದು, ಟ್ಯೂಬ್‌ನ ಸ್ವತ್ತು, ಟ್ಯೂಬ್ ಹೋದಲ್ಲಿಗೆ ಹೋಗಬೇಕು. ಸಮಯದ ವ್ಯತ್ಯಾಸದಲ್ಲಿ ದೊಡ್ಡ ಪಾಲು ಕೇಬಲ್‌ನದು, ಸಾಮಾನ್ಯ ಕೋಆಕ್ಸಿಯಲ್ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್. ಮೂರನ್ನೂ ಒಂದೇ ಫೈಲಿನಲ್ಲಿ ಒಂದೇ ವಿಳಾಸದಡಿ ಇಟ್ಟಿದ್ದರೆ, ಒಂದು ಕೇಬಲ್ ಬದಲಿಸಿದ ದಿನ ಮೂರರಲ್ಲಿ ಒಂದಾದರೂ ತಪ್ಪು ಕಡೆ ಹೋಗುತ್ತದೆ. ಪೆಡೆಸ್ಟಲ್ ಫೈಲಿಗೆ ಎಲೆಕ್ಟ್ರಾನಿಕ್ ವಿಳಾಸ, ಗೇನ್ ಫೈಲಿಗೆ ಟ್ಯೂಬ್‌ನ ಸೀರಿಯಲ್ ಸಂಖ್ಯೆ, ಸಮಯದ ಫೈಲಿಗೆ ಕೇಬಲ್ ಸಂಖ್ಯೆ ಕೊಡಿ. 4ನೇ ಹಂತದಲ್ಲಿ ಹಚ್ಚಿದ ಲೇಬಲ್‌ಗಳು ಇಲ್ಲಿ ಕೆಲಸಕ್ಕೆ ಬರುತ್ತವೆ.